ಮುಂದಿನ ಸೀಟಿನಾಕೆ

ಹೋದ ತಿಂಗಳು ಸುರಪುರದಿಂದ ಆಕೆಯ ಮಗ ಫೋನ್ ಮಾಡಿದ. ಅಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ ಇದೆ. ಮಸ್ಕತ್ತಿನಲ್ಲಿ ನಾನು ಬೆಳಗಿನ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ.

"ಅಕ್ಕಾರ, ಅವ್ವ ಹೋದ್ಳರಿ. ಚಾ ಕುಡದು ಕುಂತಿದ್ಳು. ಹಂಗ ಗ್ವಾಡಿಗೆ ಒರಗಿದ್ಳು, ಏಳ್ಲೇ ಇಲ್ಲ."

ಅಷ್ಟು ಬಾಯಿದ್ದ ಹೆಂಗಸು ಒಂದು ಮಾತೂ ಹೇಳದೆ ಎದ್ದು ಹೋದಳೆಂಬುದನ್ನು ನನ್ನ ತಲೆ ಒಪ್ಪಲಿಲ್ಲ. ಆ ದಿನವೆಲ್ಲ ವಾರ್ಡಿನಲ್ಲಿ ಒಬ್ಬರಿಗೆ ಕೊಡುವ ಗುಳಿಗೆಯನ್ನು ಮತ್ತೊಬ್ಬರ ಮಂಚದ ಹತ್ತಿರ ಒಯ್ದು ನಿಂತೆ.

ಆಕೆ ನನಗೆ ನೆಂಟಳಲ್ಲ, ನೆರೆಯವಳಲ್ಲ. ಒಂದು ಬಿಳಿ ಕಾರಿನಿಂದಾಗಿ ಆದ ಪರಿಚಯ. ಓಮಾನಿಗೆ ಬರುವ ಮೊದಲು ನಾನು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮನೆ ಶಹಾಪುರದಲ್ಲಿ. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಗ ಯಾರೋ ಹೇಳಿದರು: ಗಂಡ ಹೆಂಡತಿ ಇಬ್ಬರು ಒಂದು ಕಾರು ಇಟ್ಟುಕೊಂಡು ನೌಕರಿಯವರನ್ನು ದಿನಾ ಯಾದಗಿರಿಗೆ ಒಯ್ದು ತರುತ್ತಾರೆ, ಹೆಣ್ಣುಮಗಳೂ ಜೊತೆಗಿರುತ್ತಾಳೆ, ಧೈರ್ಯವಾಗಿ ಹೋಗಬಹುದು. ನಾನು ಸೇರಿಕೊಂಡೆ. ಹಿಂದಿನ ಸೀಟಿನಲ್ಲಿ ನಾನು, ತಾಲೂಕು ಕಚೇರಿಯ ಒಬ್ಬ ಹೆಂಗಸು, ಕಾಲೇಜಿನ ಒಬ್ಬ ಉಪನ್ಯಾಸಕರು. ಗಂಡ ಗಾಡಿ ಓಡಿಸುತ್ತಿದ್ದ. ಮುಂದಿನ ಎಡಗಡೆಯ ಸೀಟು ಆಕೆಯದು.

ಆಕೆ ಆ ಸೀಟಿನಲ್ಲಿ ಒರಗಿ ಕೂತದ್ದನ್ನು ನಾನು ಕಾಣೆ. ತುದಿಯಲ್ಲಿ ಕೂತು, ಒಂದು ಕೈ ಮುಂದಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಉದ್ದನೆಯ ಕತ್ತನ್ನು ಇನ್ನಷ್ಟು ಉದ್ದ ಮಾಡಿ ರಸ್ತೆ ನೋಡುತ್ತಿದ್ದಳು. ಬಾಯಿ ಮಾತ್ರ ಶಹಾಪುರ ಬಿಟ್ಟ ಗಳಿಗೆಯಿಂದ ಯಾದಗಿರಿ ಮುಟ್ಟುವತನಕ ನಡೆದೇ ಇರುತ್ತಿತ್ತು.

"ಎಡಕ್ಕ ಎಮ್ಮಿ ಅದಾವ್ ನೋಡ್ರಿ. ಮುದುಕ ದಾಟಾಕತ್ಯಾನ, ಸಾವಕಾಶ. ಬೈಕಿನಾಂವ ಬಂದ, ಬಲಕ್ಕ, ಬಲಕ್ಕ. ಹ್ಞಾಂ, ಹ್ವಾದ. ಹತ್ತಿ ಟ್ರ್ಯಾಕ್ಟರ್ ಐತಿ ಮುಂದ, ಅಗಲ ತುಂಬ್ಯಾನ, ಈಗ ಬ್ಯಾಡ. ಈಗ ಹೋಗ್ರಿ."

ಗಂಡ ಪ್ರತಿಯೊಂದಕ್ಕೂ "ಹ್ಞೂಂ" ಅನ್ನುತ್ತಿದ್ದ. ಸಿಡುಕಲಿಲ್ಲ, ಬೇಸರಿಸಲಿಲ್ಲ. ಇಂಥ ಗಂಡ ಊರಿಗೊಬ್ಬನೂ ಸಿಗಲಿಕ್ಕಿಲ್ಲ ಎಂದು ತಾಲೂಕು ಕಚೇರಿಯ ಹೆಂಗಸು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಹಿಂದೆ ಕೂತ ನಮಗೆ ಅದೊಂದು ದಿನದ ತಮಾಷೆ.

ಆಕೆ ನಮ್ಮೊಂದಿಗೂ ಮಾತಾಡುತ್ತಿದ್ದಳು. ಆದರೆ ಎಂದೂ ಹಿಂದಿರುಗಿ ನೋಡಿದವಳಲ್ಲ. ಕಚೇರಿಯ ಹೆಂಗಸಿನ ಮಗಳ ಮದುವೆ, ಅಕ್ಕಿಯ ಧಾರಣೆ, ನನ್ನ ಆಸ್ಪತ್ರೆಯ ಸುದ್ದಿ ಎಲ್ಲವನ್ನೂ ಗಾಜಿನ ಕಡೆ ಮುಖ ಮಾಡಿಯೇ ಕೇಳುವಳು. ಉಪನ್ಯಾಸಕರಿಗೆ ಅದು ಅಪಮಾನವೆನಿಸಿರಬೇಕು.

"ಮುಖಾ ನೋಡಿ ಮಾತಾಡ್ರಿ ಅಕ್ಕಾರ, ನಾವೇನು ದೆವ್ವ ಏನು?" ಎಂದರು ಒಮ್ಮೆ.

"ನಿಮ್ಮ ಮುಖದಾಗ ಏನೈತ್ರಿ ಸರ? ರಸ್ತಾದಾಗ ಲಾರಿ ಐತಿ," ಎಂದಳು. ನಾವು ನಕ್ಕೆವು, ಉಪನ್ಯಾಸಕರೂ ನಕ್ಕರು.

ನಗದಂಥ ದಿನವೂ ಒಂದು ಬಂತು. ಉಪನ್ಯಾಸಕರಿಗೆ ಜ್ವರ, ಹೊಟ್ಟೆ ತೊಳಸುತ್ತಿತ್ತು. ಮುಂದೆ ಕೂಡ್ರುತ್ತೇನೆ, ಗಾಳಿ ಬಡಿಯಲಿ ಎಂದು ಕೇಳಿಕೊಂಡರು.

"ವಾಂತಿ ಬಂದ್ರ ಹೇಳ್ರಿ, ಗಾಡಿ ನಿಂದ್ರಸ್ತೀನಿ. ಸೀಟ್ ಮಾತ್ರ ಬಿಡೂದಿಲ್ಲ."

"ಒಂದಿನದ ಮಟ್ಟಿಗರೆ?"

"ಒಂದ್ ಗಳಿಗಿನೂ ಇಲ್ಲರಿ."

ಅವರು ಕಿಟಕಿಗೆ ತಲೆ ಆನಿಸಿ ನರಳುತ್ತ ಬಂದರು. ಗಂಡ ಏನಾದರೂ ಹೇಳಿಯಾನೆಂದು ನಾನು ಕಾದೆ. ಆತ ಕತ್ತೂ ಹೊರಳಿಸಲಿಲ್ಲ.

ಇನ್ನೊಂದು ಆಕೆಯ ಹಟ ಹೊತ್ತಿನದು. ಸಂಜೆ ಸೂರ್ಯ ಇಳಿಯುವುದರೊಳಗೆ ಶಹಾಪುರ ಮುಟ್ಟಲೇಬೇಕು. ಚಳಿಗಾಲದಲ್ಲಿ ಇನ್ನೂ ಬೇಗ ಹೊರಡಿಸುತ್ತಿದ್ದಳು. ಒಂದು ದಿನ ಆಸ್ಪತ್ರೆಗೆ ಅಪಘಾತದ ಕೇಸು ಬಂದು ನಾನು ಹೊರಬೀಳುವುದು ತಡವಾಯಿತು. ಸ್ವಲ್ಪ ನಿಲ್ಲಿರಿ ಎಂದು ಫೋನಿನಲ್ಲಿ ಅಂಗಲಾಚಿದೆ. ಗೇಟಿಗೆ ಓಡಿ ಬಂದಾಗ ಕಾರು ಹೋಗಿತ್ತು. ಬಸ್ಸಿನಲ್ಲಿ ನಿಂತು ಬಂದೆ. ಮರುದಿನ ನಾನು ಮುಖ ಗಂಟಿಕ್ಕಿ ಕೂತಿದ್ದೆ. ಮುಂದಿನ ಸೀಟಿನಿಂದ ಒಂದು ಡಬ್ಬಿ ಹಿಂದಕ್ಕೆ ಬಂತು, ಮುಖ ಮಾತ್ರ ಬರಲಿಲ್ಲ.

"ಸಿಟ್ಟ ಬಂದೈತಿ ಸಿಸ್ಟರಗ. ತಿನ್ನು. ಶೇಂಗಾ ಹೋಳಿಗಿ."

ತಿಂದೆ. ಅಷ್ಟು ರುಚಿಯಾದ ಶೇಂಗಾ ಹೋಳಿಗೆಯ ಮುಂದೆ ಸಿಟ್ಟು ಬಹಳ ಹೊತ್ತು ನಿಲ್ಲುವಂತಿರಲಿಲ್ಲ.

ನಾನು ಓಮಾನಿಗೆ ಹೊರಟಾಗ ಖಡಕ್ ರೊಟ್ಟಿ, ಪುಟಾಣಿ ಚಟ್ನಿಪುಡಿ ಕಟ್ಟಿಕೊಂಡು ಮನೆಗೆ ಬಂದಳು. ಆಕೆಯ ಮುಖವನ್ನು ಎದುರಿನಿಂದ ಸಾವಕಾಶವಾಗಿ ನೋಡಿದ್ದು ಅಂದೇ ಮೊದಲು. ಕಣ್ಣಿನ ಅಂಚುಗಳು ಕೆಂಪಗಿದ್ದವು, ರೆಪ್ಪೆ ಬಡಿಯುವುದನ್ನೇ ಮರೆತವರ ಕಣ್ಣಿನ ಹಾಗೆ. ನಿದ್ದೆ ಸರಿಯಾಗಿ ಮಾಡ್ರಿ ಎಂದೆ. "ಮಾಡೂನಂತ," ಎಂದು ನಕ್ಕಳು.

ಅದಾದ ಮೇಲೆ ಕೆಲವು ವರ್ಷ ಹಬ್ಬಕ್ಕೊಮ್ಮೆ ಫೋನು, ಅಷ್ಟೆ.

ಅಷ್ಟರಲ್ಲಿ ನನ್ನ ತಂಗಿಗೆ ವಡಗೇರಾದ ಹತ್ತಿರ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಶಹಾಪುರದಿಂದ ಬಸ್ಸು ಬದಲಾಯಿಸಿ, ಆಟೊ ಹಿಡಿದು ಹೋಗಿ ಬರುವುದರಲ್ಲಿ ಅವಳು ಅರೆಜೀವವಾಗಿದ್ದಳು. ಗಾಡಿ ಹೊಡೆಯುವುದನ್ನು ಕಲಿತಿದ್ದಳು. ಒಂದು ಹಳೆಯ ಕಾರು ಕೊಡಿಸೋಣವೆಂದು ನಾನು ಇಲ್ಲಿಂದ ಹುಡುಕತೊಡಗಿದೆ. ಸಮುದ್ರದಾಚೆ ಕೂತು ಗುರುತಿಲ್ಲದವರ ಕಾರು ಕೊಳ್ಳುವ ಕಷ್ಟ ಆಗ ಗೊತ್ತಾಯಿತು. ಫೋಟೊದಲ್ಲಿ ಎಲ್ಲ ಗಾಡಿಗಳೂ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದ್ದವು. ಒಬ್ಬ ಮುಂಗಡ ಹಾಕದೆ ಗಾಡಿ ತೋರಿಸುವುದಿಲ್ಲವೆಂದ. ಇನ್ನೊಬ್ಬ ತೋರಿಸಿದ, ಇಂಜಿನ್ ಚಾಲೂ ಮಾಡಗೊಡಲಿಲ್ಲ. ಊಟದ ಬಿಡುವಿನಲ್ಲಿ ನಾನು ಫೋಟೊಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತುಕ್ಕು ಹುಡುಕುತ್ತಿದ್ದೆ.

ಆಗ ಆಕೆಯ ಫೋನು ಬಂತು.

"ಸಿಸ್ಟರ, ಗಾಡಿ ಹುಡಕಾಕತ್ತೀಯಂತ. ನಮ್ಮ ಗಾಡಿ ತಗೊ. ಮಾರಾಕತ್ತೇವಿ."

"ಯಾಕ್ರಿ ಅಕ್ಕಾರ? ಗಾಡಿ ಚೊಲೊ ನಡದೈತೆಲ್ಲ?"

"ಸಾಕಾತವಾ. ಇನ್ನ ಸುರಪುರದಾಗ ನಮ್ಮ ತವರು ಮನಿ ಖಾಲಿ ಐತಿ, ಅಲ್ಲಿ ಹೋಗಿ ಇರ್ತೀವಿ. ಮಂದಿಗೆ ಕೊಡಾಕ ಮನಸಿಲ್ಲ. ನೀ ಕುಂತ ಗಾಡಿ."

ನನಗೆ ಹಗುರವೆನಿಸಿತು. ವರ್ಷಗಟ್ಟಲೆ ನಾನೇ ಕೂತು ಓಡಾಡಿದ ಕಾರು, ನಂಬಿಕೆಯ ಜನ. ರವಿವಾರ ತಂಗಿ ಅವರ ಮನೆಗೆ ಹೋಗಿ ವಿಡಿಯೊ ಕಾಲ್ ಹಚ್ಚಿದಳು. ಮಾರುವವರು ಮುಚ್ಚಿಡುವುದನ್ನೆಲ್ಲ ಆಕೆ ತಾನೇ ತೋರಿಸಿದಳು. ಕ್ಲಚ್ ಬಿಗಿ ಇದೆ, ಹಿಂದಿನ ಟಯರು ಸವೆದಿವೆ, ಮಳೆಗಾಲದಲ್ಲಿ ಡಿಕ್ಕಿಯಲ್ಲಿ ನೀರು ಬರುತ್ತದೆ. ತಂಗಿ ಗಾಡಿಯ ಸುತ್ತ ಫೋನು ಹಿಡಿದು ನಡೆದಳು. ಎಡಗಡೆ ಒಂದು ಗೆರೆಯೂ ಇರಲಿಲ್ಲ. ಬಲಗಡೆ ಮಾತ್ರ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಗೀರು, ತಗ್ಗು. ಬಲಗಡೆಯ ಕನ್ನಡಿ ಹೊಚ್ಚ ಹೊಸದು.

"ಇದೇನ್ರಿ ಅಕ್ಕಾರ, ಎಲ್ಲಾ ಒಂದ ಬಾಜು?" ಎಂದು ಕೇಳಿದೆ.

"ಆ ಬಾಜು ನನಗ ಅಷ್ಟ ಸಿಗಂಗಿಲ್ಲವಾ," ಎಂದಳು.

ಏನು ಹೇಳಿದಳೆಂದು ನನಗೆ ತಿಳಿಯಲಿಲ್ಲ. ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು, ಕೇಳಿಸಿಕೊಂಡದ್ದು ತಪ್ಪಿರಬೇಕೆಂದುಕೊಂಡು ಬಿಟ್ಟುಬಿಟ್ಟೆ.

ಗಾಡಿಯನ್ನು ತಂಗಿಯ ಹೆಸರಿಗೆ ಮಾಡಿಸಲು ಮೂವರೂ ಯಾದಗಿರಿಗೆ ಹೊರಟರು. ತಂಗಿಯೇ ಗಾಡಿ ಓಡಿಸಿದಳು, ಆತ ಅವಳ ಪಕ್ಕದಲ್ಲಿ ಕೂತ. ಆಕೆ ಹಿಂದಿನ ಸೀಟಿನಲ್ಲಿ. ಆಮೇಲೆ ತಂಗಿ ಹೇಳಿದಳು, ದೋರನಹಳ್ಳಿ ದಾಟಿ, ಭೀಮಾ ಸೇತುವೆ ದಾಟಿ, ಯಾದಗಿರಿ ಬರುವವರೆಗೆ ಆಕೆ ತುಟಿ ಬಿಚ್ಚಲಿಲ್ಲವಂತೆ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡು ಒರಗಿದ್ದಳಂತೆ.

ಆರ್‌ಟಿಒ ಕಚೇರಿಯ ಎದುರು ಇಳಿದರು. ನಡುಹಗಲು, ಕಣ್ಣು ಕುಕ್ಕುವ ಬಿಸಿಲು. ಆತ ಇಳಿದು ನೇರ ಮುಂದೆ ನಡೆದ. ಬದಿಯಿಂದ ದಾರಿಗೆ ಚಾಚಿಕೊಂಡು ಪೇರಲಹಣ್ಣಿನ ತಳ್ಳುಗಾಡಿಯೊಂದು ನಿಂತಿತ್ತು. ಆನೆಯಷ್ಟು ದೊಡ್ಡದಾಗಿ ಕಾಣುವ ಆ ಗಾಡಿಗೆ ಆತ ಹೋಗಿ ಹಾಯ್ದ. ತಕ್ಕಡಿ ಬಿತ್ತು, ಹಣ್ಣು ರಸ್ತೆಯ ತುಂಬ ಉರುಳಿದವು, ಆತ ಮೊಣಕಾಲು ಊರಿ ಬಿದ್ದ.

"ಕಣ್ಣ ಕಾಣಂಗಿಲ್ಲೇನ್ ನಿನಗ?" ಎಂದು ಹಣ್ಣಿನವನು ಒದರಿದ.

ಆಕೆ ಗಂಡನ ರಟ್ಟೆ ಹಿಡಿದು ಎಬ್ಬಿಸುತ್ತ, ಯಾರೋ ಊರು ಕೇಳಿದ್ದಕ್ಕೆ ಹೇಳಿದಷ್ಟು ಸಹಜವಾಗಿ ಹೇಳಿದಳು:

"ಹೌದಪಾ. ಕಾಣಂಗಿಲ್ಲ."

ತಂಗಿ ಅಲ್ಲಿಂದಲೇ ನನಗೆ ಫೋನು ಹಚ್ಚಿದಳು. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿದ್ದೆ. "ಅಕ್ಕ, ಈ ಗಾಡಿ ಅಣ್ಣಾರಿಗೆ ಕಣ್ಣ ಇಲ್ಲಂತ. ಭಾಳ ವರ್ಷ ಆತಂತ."

"ಏನ್ ಮಾತಾಡ್ತಿ? ಲೈಸೆನ್ಸ್ ಐತಿ, ದಿನಾ ಗಾಡಿ ಹೊಡದಾರ."

"ನೀನ ಕೇಳು," ಎಂದು ಫೋನು ಆಕೆಯ ಕೈಗೆ ಕೊಟ್ಟಳು.

ಆಕೆ ಏನನ್ನೂ ಮುಚ್ಚಲಿಲ್ಲ. ಗಂಡನಿಗೆ ನಟ್ಟನಡುವೆ ಕಾಣುತ್ತದೆ, ಆಚೆ ಈಚೆ ಕಾಣುವುದಿಲ್ಲ. ಪೈಪಿನಲ್ಲಿ ಕಣ್ಣಿಟ್ಟು ನೋಡಿದ ಹಾಗೆ. ಹೊತ್ತು ಮುಳುಗಿದರೆ ಅದೂ ಇಲ್ಲ. ಲೈಸೆನ್ಸಿನ ಕಣ್ಣುಪರೀಕ್ಷೆಯಲ್ಲಿ ಗೋಡೆಗೆ ಹಚ್ಚಿದ ಅಕ್ಷರಗಳನ್ನು ಸಣ್ಣದರವರೆಗೆ ಓದಿಬಿಡುತ್ತಾನೆ, ಹಾಗಾಗಿ ಎಲ್ಲಿಯೂ ಸಿಕ್ಕಿಬೀಳಲಿಲ್ಲ.

"ಯಾವಾಗಿಂದ್ರಿ ಇದು?"

"ನೀ ಗಾಡಿ ಹತ್ತೂದಕ್ಕಿಂತ ಮೊದಲಿಂದ."

ನನ್ನ ಕೈಯ ಚಹದ ಲೋಟ ವಾಲಿ ಸಮವಸ್ತ್ರದ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾದದ್ದು ಸಂಜೆ ಬಟ್ಟೆ ಬದಲಿಸುವಾಗ. ಹತ್ತಿ ಟ್ರ್ಯಾಕ್ಟರುಗಳು, ಲಾರಿಗಳು, ಸೇತುವೆಯ ಕಟ್ಟೆ, ಅದರ ಕೆಳಗಿನ ಭೀಮೆ, ಎಲ್ಲ ಒಂದರ ಮೇಲೊಂದು ಕಣ್ಣ ಮುಂದೆ ಬಂದವು. ನಾನು ಆ ಸೀಟಿನಲ್ಲಿ ತೂಕಡಿಸುತ್ತಿದ್ದೆ. ಎಷ್ಟೋ ಬೆಳಗು ಬಾಯಿ ತೆರೆದು ಮಲಗಿಬಿಡುತ್ತಿದ್ದೆ.

"ಹಿಂದ ನಾವು ಮೂರ್ ಮಂದಿ ಕುಂತಿದ್ವೆಲ್ರಿ ಅಕ್ಕಾರ! ನಮ್ಮ ಜೀವಕ್ಕ ಕಿಮ್ಮತ್ತು ಇದ್ದಿಲ್ಲೇನು?"

"ನಾನೂ ಮುಂದ ಕುಂತಿದ್ನೆಲ್ಲವಾ."

"ನೀವು ಗೊತ್ತಿದ್ದು ಕುಂತಿದ್ರಿ. ನಾವು ಗೊತ್ತಿಲ್ಲದ ಕುಂತಿದ್ವಿ."

ಆಕೆ ಹೇಳಿದಳು, "ಅದು ಖರೆ ಐತಿ."

ಆತನೇ ಹಟ ಹಿಡಿದಿರಬೇಕು, ಗಂಡಸಿನ ಬಿಗುಮಾನ, ಎಂದು ನಾನು ಅಂದುಕೊಂಡಿದ್ದೆ. ಅದೂ ಸುಳ್ಳಾಯಿತು.

"ಅವರು ಯಾವತ್ತೊ ಬಿಡ್ತೀನಿ ಅಂದ್ರು. ನಾನ ಬಿಡ್ಲಿಲ್ಲ. ನನ್ನ ಕಣ್ಣ ಅದಾವೆಲ್ಲ, ನಾ ಹೇಳ್ತೀನಿ, ನೀವು ಹೊಡೀರಿ ಅಂದೆ. ಗಂಡಸು ಮನ್ಯಾಗ ಕುಂತ್ರ ಗ್ವಾಡಿ ನೋಡಿ ನೋಡಿ ಸಾಯ್ತಾನ. ನಮ್ಮಪ್ಪ ಹಂಗ ಹ್ವಾದ."

ಅಪ್ಪನ ಆ ಮಾತು ನನ್ನ ಕಿವಿಗೆ ಬಿತ್ತು, ತಲೆಯೊಳಗೆ ಹೋಗಲಿಲ್ಲ. ಅಷ್ಟು ಸಿಟ್ಟಿನಲ್ಲಿದ್ದೆ.

"ಮತ್ತ ಈಗ್ಯಾಕ ಬಿಟ್ರಿ?"

ಅದರ ಹಿಂದಿನ ತಿಂಗಳು ದೋರನಹಳ್ಳಿಯ ಹತ್ತಿರ ಒಂದು ಹೆಣ್ಣುಕೂಸು ಶಾಲೆಗೆ ಹೊರಟಿತ್ತು. ಬಲಗಡೆಯಿಂದ ಬಂತು. ಆಕೆ ಕಂಡು ಕೂಗುವಷ್ಟರಲ್ಲಿ ಗಾಡಿ ಹಾದುಹೋಗಿತ್ತು. ಪಾಟೀಚೀಲದ ಪಟ್ಟಿ ಕನ್ನಡಿಗೆ ಸಿಕ್ಕು ಕನ್ನಡಿಯೇ ಕಿತ್ತು ಜೋತುಬಿತ್ತು. ಚೀಲ ಗಾಡಿಯ ಜೊತೆ ಎಳೆದುಕೊಂಡು ಬಂತು. ಕೂಸು ಅಲ್ಲೇ ನಿಂತಿತ್ತು, ಮೈಗೆ ಏನೂ ಆಗಿರಲಿಲ್ಲ. ಅಳಲೂ ಇಲ್ಲವಂತೆ, ತನ್ನ ಖಾಲಿ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಂಡಿತಂತೆ.

"ಅವತ್ತ ಚಾವಿ ಕಸಗೊಂಡೆ," ಎಂದಳು.

ನಾನು ತಂಗಿಗೆ ವಾಪಸು ಬಾ ಎಂದೆ. ವ್ಯವಹಾರ ಬೇಡ, ಗಾಡಿ ಅವರ ಮನೆಯ ಮುಂದೆ ಬಿಟ್ಟು ಬಾ. ತಂಗಿ ಹಾಗೆಯೇ ಮಾಡಿದಳು. ಕಾಲೇಜಿನ ಉಪನ್ಯಾಸಕರಿಗೆ ಫೋನು ಮಾಡಿ ಹೇಳಿದೆ. ಅವರು ಬಹಳ ಹೊತ್ತು "ಏನಂದ್ರಿ? ಏನಂದ್ರಿ?" ಎಂದು ಅದನ್ನೇ ಕೇಳುತ್ತಿದ್ದರು. ಫೋನು ಇಡುವಾಗ, "ನನ್ನ ಸಣ್ಣ ಮಗನ್ನೂ ಒಮ್ಮೆ ಕರ್ಕೊಂಡು ಹೋಗಿದ್ದೆ," ಎಂದರು. ಪೊಲೀಸರಿಗೆ ಹೇಳಬೇಕೆ ಎಂದು ಇಬ್ಬರೂ ಯೋಚಿಸಿದೆವು, ಚಾವಿ ಕಸಿದುಕೊಂಡಾಗಿದೆಯೆಂದು ಸುಮ್ಮನಾದೆವು.

ಕೆಲವು ದಿನ ಬಿಟ್ಟು ಆಕೆಯೇ ಫೋನು ಮಾಡಿದಳು. ಎತ್ತಬಾರದೆಂದುಕೊಂಡೇ ಎತ್ತಿದೆ.

"ಸಿಟ್ಟ ಇರಲಿ. ಗಾಡಿ ಮಾತ್ರ ಒಯ್ಯಿ ಸಿಸ್ಟರ. ಕೈ ಮುಗೀತೀನಿ. ನನ್ನ ಮನಿ ಮುಂದ ಅದು ನಿಂದ್ರಬಾರದು."

"ಬ್ಯಾರೆ ಯಾರಿಗರೆ ಕೊಡ್ರಿ."

"ಬರಾವ್ರು ಬರೂತನಕ ನಿಂದ್ರತೈತೆಲ್ಲ? ಇವರಂತೂ ಹತ್ತಂಗಿಲ್ಲ. ನಾನ ಹತ್ತಸ್ತೀನಿ. ನಿನ್ನೆ ಇವರು ಹೊಸ್ತಿಲಾಗ ಕುಂತು ಹಾರ್ನ್ ಕೇಳಿದ ಕಡೆ ಮುಖ ತಿರಗಸಾಕತ್ತಿದ್ರು. ನನಗ ತಡಕೊಳ್ಳಾಕ ಆಗ್ಲಿಲ್ಲ. ಚಾವಿ ಕೈಯಾಗ ಹಿಡಕೊಂಡು ಬಾಗಲತನಕ ಬಂದಿದ್ದೆ. ನನ್ನ ಮ್ಯಾಲ ನನಗ ಭರೋಸಾ ಇಲ್ಲವಾ."

ಇಂಥ ಮಾತು ಹೇಳಿ ಗಾಡಿ ಮಾರಿದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಮರುದಿನವೇ ತಂಗಿಯನ್ನು ಕಳಿಸಿದೆ. ಗಾಡಿ ನಮ್ಮದಾಯಿತು. ಗಂಡ ಹೆಂಡತಿ ಸುರಪುರಕ್ಕೆ ಹೋದರು.

ರಜೆಗೆ ಊರಿಗೆ ಬಂದಾಗ ಅವರನ್ನು ನೋಡಬೇಕೆಂದು ಮನಸ್ಸಿಗಿತ್ತು, ಸಿಟ್ಟೂ ಇತ್ತು. ಎರಡನ್ನೂ ಹೊತ್ತುಕೊಂಡೇ ತಂಗಿಯ ಜೊತೆ ಅದೇ ಕಾರಿನಲ್ಲಿ ಸುರಪುರಕ್ಕೆ ಹೋದೆ. ಗುಡ್ಡದ ಮಗ್ಗುಲಿನ ಏರು ಓಣಿಯಲ್ಲಿ ಕಲ್ಲಿನ ಮನೆ. ಆತ ಒಳಗಿನ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಗಾಡಿಯ ಸದ್ದಿಗೇ ಗುರುತು ಹಿಡಿದು ಎದ್ದು ನಿಂತ. ಆಕೆ ಒಲೆಯ ಮುಂದಿಂದ ಬಂದು ನನ್ನ ಎರಡೂ ಕೈ ಹಿಡಿದಳು. ಮುಖ ಎದುರಿಗಿಟ್ಟು ಮಾತಾಡಿದಳು.

ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಆ ಓಣಿಯ ತನ್ನ ಬಾಲ್ಯದ ಸುದ್ದಿ ತೆಗೆದಳು.

"ಈ ಓಣ್ಯಾಗ ನಾ ಹೆಂಗ ಒದರಕೋಂತ ಹೋಗ್ತಿದ್ದೆ ಗೊತ್ತೇನು? ಸಣ್ಣಾಕಿದ್ದಾಗ ನಮ್ಮಪ್ಪನ್ನ ಸಂತಿಗೆ ಕರ್ಕೊಂಡು ಹೋಗಾಕಿ ನಾನ. ಕೈ ಹಿಡಸಗೊಡ್ತಿದ್ದಿಲ್ಲ ಅಂವ, ಮಾನ ಹೋಗತೈತಿ ಅಂತಿದ್ದ. ಅದಕ್ಕ ಮುಂದ ನಡಕೋಂತ ಹೇಳ್ತಿದ್ದೆ. ಅಪ್ಪಾ ಇಲ್ಲಿ ಕಲ್ಲು, ಅಪ್ಪಾ ಇಲ್ಲಿ ಗಟಾರ."

ಅಂದು ಫೋನಿನಲ್ಲಿ ಅಪ್ಪನ ಬಗ್ಗೆ ಹೇಳಿದ ಮಾತು ಈಗ ತಲೆಗೆ ಹೋಯಿತು.

"ನಿಮ್ಮಪ್ಪಗೂ ಕಣ್ಣ ಹೋಗಿದ್ವೇನ್ರಿ ಅಕ್ಕಾರ? ಹೆಂಗ ಹೋದ್ವು?"

"ಮೊದಲ ರಾತ್ರಿ ಕಾಣವಲ್ವು ಅಂದ. ಆಮ್ಯಾಲ ಬಾಜೂಕ. ನಮ್ಮ ಮನೆತನದ ಕಣ್ಣ ಹಂಗ. ಇವರೂ ನಮ್ಮ ಸೋದರತ್ತಿ ಮಗ ಅಲ್ಲೇನು?"

ಸೋದರತ್ತೆಯ ಮಗ. ಒಂದೇ ರಕ್ತ. ಇಂಥ ಕಣ್ಣು ಮನೆತನದಲ್ಲಿ ಇಳಿದು ಬರುತ್ತದೆಂಬುದು ನಾನು ನರ್ಸಿಂಗಿನಲ್ಲಿ ಓದಿದ ಪಾಠ. ಕೇಳಬೇಕಾದದ್ದು ಒಂದೇ ಮಾತು ಉಳಿದಿತ್ತು, ಅದರ ಉತ್ತರ ನನಗೆ ಗೊತ್ತಿತ್ತು. ಆಕೆಗಿದ್ದವನು ಒಬ್ಬನೇ ಮಗ. ಹೈದರಾಬಾದಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ.

"ಮಗನ ಕಣ್ಣ ಯಾವಾಗರೆ ತೋರ್ಸೀರೇನ್ರಿ?"

ಆಕೆ ರೊಟ್ಟಿಯ ಬುಟ್ಟಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಇಷ್ಟು ವರ್ಷ ರಸ್ತೆಯ ಮೇಲಿನ ಕರುವನ್ನೂ ಬಿಡದೆ ಕಂಡವಳಿಗೆ ಇದು ಕಂಡಿರಲಿಲ್ಲ. ಬುಟ್ಟಿ ಕೆಳಗಿಟ್ಟು ಫೋನು ಹುಡುಕಿದಳು. ನನ್ನ ತಂಗಿಯ ಕೈಗೆ ಕೊಟ್ಟು ಮಗನಿಗೆ ಹಚ್ಚಿಸಿದಳು.

"ಎಲ್ಲಿದ್ದಿ?... ಗಾಡ್ಯಾಗ? ನಿಂದ್ರಸು. ಈಗಿಂದೀಗ ಬಾಜೂಕ ಹಚ್ಚು. ಮಂದಿನ್ನ ಇಳಸು... ಏನೂ ಆಗಿಲ್ಲ, ಅಪ್ಪ ಆರಾಮದಾನ. ಚಾವಿ ತಗದಿ? ತಗದೇನ್ ಅಂತ ಹೇಳು. ನನ್ನ ಮ್ಯಾಲ ಆಣಿ ಐತಿ, ಇನ್ನ ಅದನ್ನ ಮುಟ್ಟಬ್ಯಾಡ. ಬಸ್ ಹತ್ತಿ ಬಾ."

ಮರುದಿನ ಅವನು ಬಂದ. ನಾವೂ ಮತ್ತೆ ಹೋದೆವು. ಇಪ್ಪತ್ತೈದರ ಆಸುಪಾಸಿನ ಹುಡುಗ, ತಾಯಿಯದೇ ಉದ್ದ ಕತ್ತು. ಡಾಕ್ಟರಿಗೆ ತೋರಿಸುವ ಮೊದಲು ನಾನೇ ಒಮ್ಮೆ ನೋಡುತ್ತೇನೆಂದೆ. ತಂದೆಯ ಹೊರಸಿನ ತುದಿಯಲ್ಲಿ ಅವನನ್ನು ಕೂಡಿಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ.

"ನನ್ನ ಮೂಗ್ ನೋಡು. ಕಣ್ಣ ಆಚೀಚಿ ಹೊಳ್ಳಸಬ್ಯಾಡ. ನನ್ನ ಬಟ್ಟ ಅಳ್ಳಾಡಿದ್ದು ಕಂಡ ಕೂಡ್ಲೆ ಹೇಳು."

ಎರಡೂ ಕೈ ಅಗಲಕ್ಕೆ ಚಾಚಿ ಬೆರಳು ಆಡಿಸಿದೆ. ಕಣ್ಣು ನೆಟ್ಟಗಿದ್ದವರಿಗೆ ಆಗಲೇ ಕಾಣಬೇಕು. ಅವನು ಸುಮ್ಮನಿದ್ದ. ಕೈಗಳನ್ನು ನಿಧಾನ ಒಳಗೆ ತಂದೆ. ಸುಮ್ಮನಿದ್ದ. ನನ್ನ ಹಿಂದೆ ನಿಂತ ಆಕೆಯ ಉಸಿರು ಜೋರಾಗಿ ಕೇಳಿಸುತ್ತಿತ್ತು. ರಸ್ತೆಯಲ್ಲಿ ಗಂಡನಿಗೆ ಹೇಳಿದಂತೆ ಇವನಿಗೂ ಹೇಳಿಬಿಟ್ಟಾಳೆಂದು ಹೆದರಿ ಹಿಂದಿರುಗಿ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿಹಿಡಿದಿದ್ದಳು. ಮತ್ತೆ ಮೊದಲಿನಿಂದ ಕೈ ಅಗಲಿಸಿ ಒಳಗೆ ತಂದೆ. ಬೆರಳು ನನ್ನ ಭುಜ ದಾಟಿ ಒಳಗೆ ಬಂದವು.

"ಈಗ. ಈಗ ಕಂಡ್ವು," ಎಂದ.

ಮುಂದೆ ಕಲಬುರಗಿಯ ಕಣ್ಣಿನ ಡಾಕ್ಟರು ಯಂತ್ರದಲ್ಲಿ ನೋಡಿ ಹೇಳಿದ್ದೂ ಅದನ್ನೇ. ಅಂದಿನಿಂದ ಅವನು ಸ್ಟೇರಿಂಗ್ ಮುಟ್ಟಿಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಮುಖ ನೋಡಿದ ನನಗೆ ಇನ್ನೊಂದು ಏಟು ಬಿತ್ತು. ಅವನು ಗಾಬರಿಯಾಗಿರಲಿಲ್ಲ. ಆಕೆಗೂ ಅದು ಕಂಡಿತು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವ."

"ಗೊತ್ತಿದ್ದು ಗಾಡಿ ಹೊಡದ್ಯಾ?"

"ಅಪ್ಪ ಹೊಡೀತಿದ್ದನೆಲ್ಲ. ನನಗೂ ಆಗತೈತಿ ಅಂದ್ಕೊಂಡೆ."

"ಅಪ್ಪನ ಬಾಜೂಕ ನಾ ಇದ್ದೆ," ಎಂದಳು ಆಕೆ. ಧ್ವನಿ ಪಿಸುಮಾತಾಗಿತ್ತು. "ಅಷ್ಟ ದೊಡ್ಡ ಶಹರದಾಗ ನಿನ್ನ ಬಾಜೂಕ ಯಾರಿದ್ರೋ?"

"ಯಾರೂ ಇದ್ದಿಲ್ಲವ್ವ."

ಆಕೆ ಗೋಡೆ ಹಿಡಿದುಕೊಂಡಳು. ನಾನು ತಡವಾಗಿಯಾದರೂ ಬೈಯಬೇಕೆಂದುಕೊಂಡು ಬಂದ ಮಾತುಗಳನ್ನು ಬಿಟ್ಟು ಸ್ಟೂಲನ್ನು ಬದಿಗೆ ಸರಿಸಿದೆ. ಆಕೆ ಮಾಡಿದ್ದನ್ನು ಕ್ಷಮಿಸಲು ನನಗೆ ಇಂದಿಗೂ ಆಗಿಲ್ಲ. ಆ ರಸ್ತೆಯಲ್ಲಿ ಇನ್ನೊಬ್ಬರ ಮಕ್ಕಳಿದ್ದರು. ಆದರೆ ಆ ಗೋಡೆಯ ಹತ್ತಿರ ನಿಂತ ಹೆಂಗಸಿಗೆ ಇನ್ನು ಯಾರೂ ಏನೂ ಅನ್ನಬೇಕಾಗಿರಲಿಲ್ಲ.

ಹೊರಸಿನ ಇನ್ನೊಂದು ತುದಿಯಲ್ಲಿದ್ದ ತಂದೆ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆತ ಮುಖ ತಿರುಗಿಸದೆ ಪಕ್ಕಕ್ಕೆ ಕೈ ಚಾಚಿದ, ಮಗನ ಹೆಗಲಿಗೆಂದು. ಕೈ ಹೆಗಲು ತಲುಪದೆ ಗಾಳಿಯಲ್ಲಿ ತಡಕಾಡಿತು. ಮಗ ಅಲ್ಲೇ, ಗೇಣಿನಷ್ಟು ದೂರದಲ್ಲಿ ನೆಲ ನೋಡುತ್ತ ಕೂತಿದ್ದ. ಬದಿಯಿಂದ ಬಂದ ಆ ಕೈ ಅವನಿಗೂ ಕಾಣಲಿಲ್ಲ. ಇಬ್ಬರ ನಡುವೆ ಅದು ಹಾಗೇ ನಿಂತಿತು.

ಆಕೆ ಗೋಡೆ ಬಿಟ್ಟು ಬಂದಳು. ಗಂಡನ ಕೈ ಹಿಡಿದು ಮಗನ ಹೆಗಲ ಮೇಲಿಟ್ಟಳು, ಅದರ ಮೇಲೆ ತನ್ನ ಕೈ ಒತ್ತಿ ಹಿಡಿದು ನಿಂತಳು.